ನಾಲ್ಕನೆಯ ಆಯ್ಕೆ

ಕಾನೂನು ಕಾಲೇಜಿನಲ್ಲಿ ಐಚ್ಛಿಕ ವಿಷಯ ಆರಿಸಿಕೊಳ್ಳುವ ಅರ್ಜಿಯಲ್ಲಿ ನಾಲ್ಕು ಸಾಲುಗಳಿದ್ದವು. ಮೊದಲನೆಯದರಲ್ಲಿ ಕಂಪನಿ ಕಾನೂನು ಎಂದು ಬರೆದೆ, ಏಕೆಂದರೆ ಎಲ್ಲರೂ ಅದನ್ನೇ ಬರೆಯುತ್ತಿದ್ದರು. ಎರಡನೆಯದರಲ್ಲಿ ಬೌದ್ಧಿಕ ಸ್ವತ್ತು, ಮೂರನೆಯದರಲ್ಲಿ ಮಧ್ಯಸ್ಥಿಕೆ. ನಾಲ್ಕನೆಯ ಸಾಲನ್ನು ಖಾಲಿ ಬಿಟ್ಟರೆ ಅರ್ಜಿ ಹಿಂದಕ್ಕೆ ಬರುತ್ತದೆ ಎಂದು ಗುಮಾಸ್ತರು ಗದರಿದ್ದರಿಂದ ಪಟ್ಟಿಯ ತೀರ ಕೆಳಗಿದ್ದ ಹೆಸರನ್ನು ಎತ್ತಿ ಅಲ್ಲಿ ಕೂರಿಸಿದೆ: ಕಡಲ ಕಾನೂನು. ಅಲ್ಲಿಯವರೆಗೆ ನಾನು ಹಡಗನ್ನು ಕಣ್ಣಾರೆ ಕಂಡವನೇ ಅಲ್ಲ. ವಾರ ಕಳೆದು ಫಲಕದಲ್ಲಿ ಪಟ್ಟಿ ಅಂಟಿಸಿದರು. ಕಂಪನಿ ಕಾನೂನಿನ ಕೆಳಗೆ ಹೆಸರುಗಳು ಎರಡು ಹಾಳೆ ದಾಟಿದ್ದವು. ಕಡಲ ಕಾನೂನಿನ ಕೆಳಗೆ ಏಳೇ ಹೆಸರುಗಳು. ಏಳನೆಯದು ನನ್ನದು.

ಬದಲಾಯಿಸಿಕೊಡಿ ಎಂದು ಮೂರು ಬಾರಿ ಅಲೆದೆ. ಸೀಟಿಲ್ಲ ಎಂದರು.

ಕಾನೂನು ವಿದ್ಯಾರ್ಥಿಗಳು ಐಚ್ಛಿಕ ವಿಷಯವನ್ನು ಹೇಗೆ ಆರಿಸಿಕೊಳ್ಳುತ್ತಾರೆ ಎಂಬುದರ ಬಗ್ಗೆ ವಿವರಣ ಪುಸ್ತಿಕೆಗಳಲ್ಲಿ ಬಹಳ ಘನವಾದ ಮಾತುಗಳಿರುತ್ತವೆ. ಆಸಕ್ತಿ, ವೃತ್ತಿಯ ಗುರಿ, ಸಂಶೋಧನೆಯ ಒಲವು, ಇತ್ಯಾದಿ. ನಾನು ಕಂಡ ಕಾರಣಗಳು ಬೇರೆ. ಯಾರು ಅಂಕ ಧಾರಾಳವಾಗಿ ಕೊಡುತ್ತಾರೆ, ಯಾವ ತರಗತಿ ಬೆಳಗಿನ ಮೊದಲ ಅವಧಿಗೆ ಬೀಳುವುದಿಲ್ಲ, ಯಾವುದಕ್ಕೆ ಹಿಂದಿನ ವರ್ಷದವರ ಟಿಪ್ಪಣಿಗಳು ಸಿದ್ಧವಾಗಿವೆ, ಯಾವುದರ ಹೆಸರನ್ನು ಉದ್ಯೋಗದ ಅರ್ಜಿಯಲ್ಲಿ ಬರೆದರೆ ಚೆಂದ ಕಾಣುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಇಪ್ಪತ್ತೊಂದು ವರ್ಷದ ಹುಡುಗನಿಗೆ ತಾನು ಮುಂದೆ ಯಾರ ಪರವಾಗಿ ಎಲ್ಲಿ ನಿಂತು ವಾದಿಸುತ್ತೇನೆ ಎಂಬುದು ಹೇಗೆ ಗೊತ್ತಿರಬೇಕು? ಅವನ ಮುಂದಿರುವುದು ಇನ್ನೂ ತೆರೆಯದ ಬಾಗಿಲುಗಳ ಸಾಲು. ಬಾಗಿಲಿನ ಮೇಲಿನ ಬಣ್ಣ ನೋಡಿಯೇ ಆರಿಸಬೇಕು.

ಮೊದಲ ದಿನ ಅಧ್ಯಾಪಕರು ಬಂದವರೇ ಹಲಗೆಯ ಮೇಲೆ ಹಡಗೊಂದನ್ನು ಬರೆದರು. ಚಿತ್ರ ಚೆನ್ನಾಗಿರಲಿಲ್ಲ. ಮಗುಚಿ ಹಾಕಿದ ಟೋಪಿಯಂತಿತ್ತು. ಆಮೇಲೆ ಒಂದು ಪ್ರಶ್ನೆ ಕೇಳಿದರು. ಈ ಹಡಗಿನ ಒಡೆಯ ಒಂದು ದೇಶದವನು, ಅದರ ಧ್ವಜ ಇನ್ನೊಂದು ದೇಶದ್ದು, ನಡೆಸುವ ಕಂಪನಿ ಮೂರನೆಯ ದೇಶದಲ್ಲಿದೆ, ನಾವಿಕರು ನಾಲ್ಕನೆಯ ದೇಶದವರು. ಇದಕ್ಕೆ ಇಂಧನ ತುಂಬಿಸಿದ ವ್ಯಾಪಾರಿಗೆ ಹಣ ಬಂದಿಲ್ಲ. ನಾಳೆ ಬೆಳಗ್ಗೆ ಹಡಗು ಬಂದರು ಬಿಟ್ಟು ಹೊರಡುತ್ತದೆ. ಅವನು ಯಾರ ಮೇಲೆ ದಾವೆ ಹೂಡಬೇಕು?

ಒಡೆಯನ ಮೇಲೆ ಎಂದ ಒಬ್ಬ. ಕಪ್ತಾನನ ಮೇಲೆ ಎಂದಳು ಇನ್ನೊಬ್ಬಳು. ನಾನು ಬಾಯಿ ತೆರೆಯಲಿಲ್ಲ, ಇನ್ನೂ ಸಿಟ್ಟಿನಲ್ಲಿದ್ದೆ. ಅಧ್ಯಾಪಕರು ಸೀಮೆಸುಣ್ಣದಿಂದ ಆ ಟೋಪಿಯ ಮೇಲೆ ತಟ್ಟಿ ಹೇಳಿದರು, ‘ಇದರ ಮೇಲೆ.’ ಹಡಗೇ ಪ್ರತಿವಾದಿ. ಸಮನ್ಸ್ ಅಂಟಿಸುವುದು ಹಡಗಿಗೇ. ಹಿಂದೆ ಕೂವೆಕಂಬಕ್ಕೆ ಹಚ್ಚುತ್ತಿದ್ದರು. ಹಡಗನ್ನು ಬಂಧಿಸುತ್ತಾರೆ, ಬಂಧನ ಎಂಬ ಪದವನ್ನೇ ಬಳಸುತ್ತಾರೆ. ಒಡೆಯ ಭದ್ರತೆ ಕೊಟ್ಟು ಬಿಡಿಸಿಕೊಳ್ಳಬೇಕು, ಕೊಡದಿದ್ದರೆ ಹಡಗು ಹರಾಜಿಗೆ ಹೋಗುತ್ತದೆ. ಎರಡು ವರ್ಷ ನಾವು ಕಲಿತದ್ದು ವ್ಯಕ್ತಿಗೆ ಮಾತ್ರ ಹೊಣೆ ಇರುತ್ತದೆ, ವಸ್ತುವಿಗೆ ಇರುವುದಿಲ್ಲ ಎಂದು. ಅದನ್ನು ಈ ಮನುಷ್ಯ ಹತ್ತು ನಿಮಿಷದಲ್ಲಿ ಅಲುಗಾಡಿಸಿಬಿಟ್ಟರು.

ಆಮೇಲೆ ಪ್ರತಿ ವಾರವೂ ಇದೇ ಕಥೆ. ಕಡ್ಡಾಯ ವಿಷಯಗಳಲ್ಲಿ ನಾವು ಬಾಯಿಪಾಠ ಮಾಡಿದ್ದ ನಿಯಮಗಳು ನೀರಿಗೆ ಇಳಿದ ಕೂಡಲೇ ಬೇರೆ ಆಕಾರ ತಾಳುತ್ತಿದ್ದವು. ಕೇಳದೆ ಮಾಡಿದ ಉಪಕಾರಕ್ಕೆ ಕೂಲಿ ಇಲ್ಲ ಎಂಬುದು ಇಂಗ್ಲಿಷ್ ಕಾನೂನಿನ ಹಳೆಯ ನಿಲುವು. ಬೆನ್ನ ಹಿಂದೆ ಯಾರ ತಲೆಗೂ ಹೊಣೆ ಕಟ್ಟಬಾರದು ಎಂದು ನ್ಯಾಯಮೂರ್ತಿ ಬೋವೆನ್ 1886ರಲ್ಲಿ ಬರೆದರು. ಬರೆಯುವಾಗಲೇ ಕಡಲನ್ನು ಅದರಿಂದ ಹೊರಗಿಟ್ಟರು. ಅಪಾಯದಲ್ಲಿರುವ ಹಡಗನ್ನು ಯಾರೂ ಕರೆಯದಿದ್ದರೂ ಹೋಗಿ ಉಳಿಸಿದವನಿಗೆ ಅಲ್ಲಿ ಬಹುಮಾನವಿದೆ. ಉಳಿಸಲಾಗದಿದ್ದರೆ ಕಾಸಿಲ್ಲ. ಹಾಗೆಯೇ, ವಿಷಯ ತಿಳಿಯದೆ ಪ್ರಾಮಾಣಿಕವಾಗಿ ಕೊಂಡವನನ್ನು ನೆಲದ ಮೇಲಿನ ಕಾನೂನು ಅನೇಕ ಕಡೆ ಕಾಪಾಡುತ್ತದೆ. ಆದರೆ ನಾವಿಕನ ಬಾಕಿ ಸಂಬಳದ ಹಕ್ಕು ಹಡಗಿಗೆ ಅಂಟಿಕೊಂಡಿರುತ್ತದೆ. ಹಡಗು ಹೊಸಬನ ಕೈಗೆ ಮಾರಾಟವಾದರೂ ಅದರ ಜೊತೆಯಲ್ಲೇ ತೇಲಿಕೊಂಡು ಹೋಗುತ್ತದೆ. ಕೊಂಡವನು ಪಾಪದವನಾದರೂ ಸರಿಯೇ.

ಇವೆಲ್ಲ ಯಾಕೆ ಹೀಗೆ ಎಂದು ಕೇಳಿದಾಗ ಸಿಗುತ್ತಿದ್ದ ಉತ್ತರ ಕಾಯಿದೆಯ ಪುಸ್ತಕದಲ್ಲಿ ಇರುತ್ತಿರಲಿಲ್ಲ. ಹಡಗು ಹೊರಟುಹೋಗುತ್ತದೆ, ಅದಕ್ಕೆ. ನಡುಗಡಲಿನಲ್ಲಿ ಬೇರೆ ಯಾರೂ ಇರುವುದಿಲ್ಲ, ಅದಕ್ಕೆ. ನಾವಿಕ ಸಂಬಳ ಕೇಳಲು ಕಚೇರಿ ಹುಡುಕಿಕೊಂಡು ಹೋಗಲಾರ, ಅವನ ಕೈಗೆ ಸಿಗುವುದು ಅವನು ನಿಂತಿರುವ ಹಡಗು ಒಂದೇ, ಅದಕ್ಕೆ. ಕಾನೂನು ಬದುಕಿನ ಆಕಾರವನ್ನು ಪಡೆಯುವುದನ್ನು ನಾನು ನೋಡಿದ್ದು ಅದೇ ಮೊದಲು. ಕಡ್ಡಾಯ ವಿಷಯಗಳನ್ನು ಕಾನೂನು ತನ್ನ ಅನುಕೂಲಕ್ಕೆ ವಿಂಗಡಿಸಿಕೊಂಡಿದೆ: ಒಪ್ಪಂದ, ಅಪಕೃತ್ಯ (ಇನ್ನೊಬ್ಬರಿಗೆ ಮಾಡಿದ ಹಾನಿಗೆ ಪರಿಹಾರ ಕೊಡಿಸುವ ಕಾನೂನು), ಸ್ವತ್ತು, ಅಪರಾಧ. ಯಾರ ಬದುಕಿನಲ್ಲೂ ತೊಂದರೆಗಳು ಈ ನಾಲ್ಕು ಕಪಾಟುಗಳಲ್ಲಿ ಬರುವುದಿಲ್ಲ. ಐಚ್ಛಿಕ ವಿಷಯಗಳ ಹೆಸರುಗಳನ್ನು ಗಮನಿಸಿ: ಮಗು, ನೀರು, ವಿಮೆ, ಕಡಲು, ಬ್ಯಾಂಕು, ಬೀಜ, ಬಾಹ್ಯಾಕಾಶ. ಅಲ್ಲಿ ವಿಂಗಡಣೆ ಲೋಕದ್ದು.

ಆ ಪಠ್ಯದಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ್ದು ಜನರಲ್ ಆವರೇಜ್ ಎಂಬ ನೀರಸ ಹೆಸರಿನ ಒಂದು ನಿಯಮ. ಬಿರುಗಾಳಿಗೆ ಸಿಕ್ಕ ಹಡಗನ್ನು ಹಗುರ ಮಾಡಲು ಕಪ್ತಾನ ಕೆಲವರ ಸರಕನ್ನು ಕಡಲಿಗೆ ಎಸೆಯುತ್ತಾನೆ. ಹಡಗು ಉಳಿಯುತ್ತದೆ. ಎಸೆದ ಸರಕಿನ ನಷ್ಟವನ್ನು ಅದರ ಒಡೆಯನೊಬ್ಬನೇ ಹೊರಬೇಕೇ? ಬೇಡ. ಎಲ್ಲರಿಗಾಗಿ ಕೊಟ್ಟದ್ದನ್ನು ಎಲ್ಲರೂ ಸೇರಿ ತುಂಬಬೇಕು. ಉಳಿದ ಸರಕಿನ ಒಡೆಯರೂ ಹಡಗಿನ ಒಡೆಯನೂ ತಮ್ಮ ತಮ್ಮ ಸ್ವತ್ತಿನ ಬೆಲೆಗೆ ತಕ್ಕಂತೆ ಪಾಲು ಹಾಕಬೇಕು. ಗ್ರೀಸ್ ಬಳಿಯ ರೋಡ್ಸ್ ದ್ವೀಪದ ಕಾನೂನು ಎಂದು ಹೆಸರಿಸಿ ರೋಮನ್ ಚಕ್ರವರ್ತಿ ಜಸ್ಟೀನಿಯನ್‌ನ ಡೈಜೆಸ್ಟ್ ಎಂಬ ಕಾನೂನು ಸಂಗ್ರಹ ಇದನ್ನು 533ರಲ್ಲೇ ದಾಖಲಿಸಿದೆ, ಆಗಲೇ ಅದು ಹಳೆಯದಾಗಿತ್ತು. ಇಂದು ಯಾರ್ಕ್-ಆಂಟ್‌ವರ್ಪ್ ನಿಯಮಗಳ ರೂಪದಲ್ಲಿ ಜಗತ್ತಿನ ಕಡಲ ಸರಕು ಸಾಗಣೆಯ ಬಹುಪಾಲು ಇದನ್ನು ಪಾಲಿಸುತ್ತಿದೆ. 2021ರ ಮಾರ್ಚ್‌ನಲ್ಲಿ ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಕೊಂಡು ಆರು ದಿನ ಜಗತ್ತೇ ಅದನ್ನು ನೋಡಿ ನಗುತ್ತಿದ್ದಾಗ ನಾನು ನಗಲಿಲ್ಲ. ಹಲಗೆಯ ಮೇಲಿನ ಟೋಪಿ ಎದ್ದುಬಂದಂತಾಗಿತ್ತು. ಒಡೆಯರು ಜಪಾನಿನವರು, ಧ್ವಜ ಪನಾಮಾದ್ದು, ನಡೆಸುತ್ತಿದ್ದ ಕಂಪನಿ ತೈವಾನಿನದು, ನಾವಿಕರು ಭಾರತೀಯರು. ಬಿಡಿಸಿದ ಮೇಲೆ ಈಜಿಪ್ಟ್‌ನಲ್ಲಿ ಹಡಗನ್ನು ತಡೆಹಿಡಿದರು, ಜುಲೈವರೆಗೂ ಬಿಡಲಿಲ್ಲ. ಒಡೆಯರು ಏಪ್ರಿಲ್‌ನಲ್ಲಿ ಜನರಲ್ ಆವರೇಜ್ ಘೋಷಿಸಿದರು. ಅಂದರೆ ಆ 400 ಮೀಟರ್ ಉದ್ದದ ಹಡಗಿನಲ್ಲಿ ಒಂದು ಪೆಟ್ಟಿಗೆ ಆಟಿಕೆ ಕಳಿಸಿದ್ದವನೂ ರೋಡ್ಸ್‌ನ ಲೆಕ್ಕಕ್ಕೆ ಬಂದ.

ನ್ಯಾಯ ಎಂಬ ಪದಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ಇಲ್ಲ ಎಂದು ನಾನು ಆ ತರಗತಿಯ ದಿನಗಳಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಅದನ್ನು ಕೇಳಿಸಿಕೊಂಡರೋ ಏನೋ, ಅಧ್ಯಾಪಕರು ಮುಂದಿನ ವಾರ ಒಂದೇ ಒಂದು ತೀರ್ಪಿನ ಪ್ರತಿ ತಂದು ಹಂಚಿದರು. ಗ್ರೆಗ್‌ಸನ್ ವಿರುದ್ಧ ಗಿಲ್ಬರ್ಟ್, 1783. ಎರಡು ಪುಟಕ್ಕಿಂತ ಹೆಚ್ಚಿರಲಿಲ್ಲ.

ಝಾಂಗ್ ಎಂಬ ಹಡಗು 1781ರಲ್ಲಿ ಆಫ್ರಿಕಾದಿಂದ ಗುಲಾಮರನ್ನು ತುಂಬಿಕೊಂಡು ಜಮೈಕಾದ ಕಡೆಗೆ ಹೊರಟಿತ್ತು. ದಾರಿ ತಪ್ಪಿತು. ಕುಡಿಯುವ ನೀರು ಸಾಲದು ಎಂಬ ಕಾರಣ ಕೊಟ್ಟು ಹಡಗಿನವರು 130ಕ್ಕೂ ಹೆಚ್ಚು ಮಂದಿಯನ್ನು ಜೀವಂತವಾಗಿ ಕಡಲಿಗೆ ತಳ್ಳಿದರು. ಆಮೇಲೆ ಹಡಗಿನ ಒಡೆಯರು ತಲೆಗೆ 30 ಪೌಂಡಿನಂತೆ ವಿಮಾ ಪರಿಹಾರ ಕೇಳಿದರು. ಉಳಿದದ್ದನ್ನು ಕಾಪಾಡಲು ಕೆಲವನ್ನು ಎಸೆಯಬೇಕಾಯಿತು: ನಾನು ಹೋದ ವಾರ ಹಾಡಿ ಹೊಗಳಿದ್ದ ಅದೇ ತರ್ಕ. ಜ್ಯೂರಿ ಒಡೆಯರ ಪರವಾಗಿ ತೀರ್ಮಾನ ಕೊಟ್ಟಿತು. ವಿಮೆಗಾರರು ಮರುವಿಚಾರಣೆ ಕೋರಿದರು. ಮುಖ್ಯ ನ್ಯಾಯಮೂರ್ತಿ ಲಾರ್ಡ್ ಮ್ಯಾನ್ಸ್‌ಫೀಲ್ಡ್, ಮನಸ್ಸಿಗೆ ಎಷ್ಟೇ ಆಘಾತವಾದರೂ ಜ್ಯೂರಿಯ ದೃಷ್ಟಿಯಲ್ಲಿ ಇದು ಕುದುರೆಗಳನ್ನು ಕಡಲಿಗೆ ಎಸೆದ ಪ್ರಕರಣಕ್ಕಿಂತ ಭಿನ್ನವಾಗಿರಲಿಲ್ಲ ಎಂಬರ್ಥದ ಮಾತನ್ನು ಆಡಿದರು. ಕೊನೆಯ ತಂಡವನ್ನು ಎಸೆಯುವ ಮುನ್ನವೇ ಮಳೆ ಬಂದು ನೀರು ಸಿಕ್ಕಿತ್ತು ಎಂಬ ಸಾಕ್ಷ್ಯ ಹೊರಬಿದ್ದದ್ದರಿಂದ ಮರುವಿಚಾರಣೆಗೆ ಆದೇಶವಾಯಿತು. ಮರುವಿಚಾರಣೆ ನಡೆದ ದಾಖಲೆ ಇಲ್ಲ. ಒಮ್ಮೆ ಗುಲಾಮನಾಗಿದ್ದ ಒಲಾಡಾ ಎಕ್ವಿಯಾನೊ ಈ ಸುದ್ದಿಯನ್ನು ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದ ಗ್ರ್ಯಾನ್‌ವಿಲ್ ಶಾರ್ಪ್‌ಗೆ ಮುಟ್ಟಿಸಿದ, ಶಾರ್ಪ್ ಕೊಲೆ ಮೊಕದ್ದಮೆ ಹೂಡಿಸಲು ಹೆಣಗಾಡಿದ. ಯಾರ ಮೇಲೂ ಕೊಲೆಯ ವಿಚಾರಣೆ ನಡೆಯಲಿಲ್ಲ.

ಓದಿ ಮುಗಿಸಿದಾಗ ತರಗತಿಯಲ್ಲಿ ಯಾರೂ ಮಾತಾಡಲಿಲ್ಲ. ಅಧ್ಯಾಪಕರು ಕೇಳಿದ್ದು ಒಂದೇ ಪ್ರಶ್ನೆ. ‘ನೀವು ಅಪರಾಧ ಕಾನೂನನ್ನು ಒಂದು ವರ್ಷ ಓದಿದ್ದೀರಿ. ಇದನ್ನು ಅಲ್ಲಿ ಏಕೆ ಓದಲಿಲ್ಲ?’ ಸಂಜೆ ಗ್ರಂಥಾಲಯಕ್ಕೆ ಹೋಗಿ ನಮ್ಮ ಅಪರಾಧ ಕಾನೂನಿನ ದಪ್ಪ ಪುಸ್ತಕದ ಅನುಕ್ರಮಣಿಕೆ ತಿರುವಿ ಹಾಕಿದೆ. ಹಸಿವಿನಿಂದ ಒಬ್ಬನನ್ನು ಕೊಂದು ತಿಂದ ನಾವಿಕರ 1884ರ ಪ್ರಕರಣ ಇತ್ತು, ಪುಟಗಟ್ಟಲೆ ಚರ್ಚೆಯೂ ಇತ್ತು. ಝಾಂಗ್ ಇರಲಿಲ್ಲ. ಅದು ಇದ್ದದ್ದು ವಿಮೆಯ ಕಪಾಟಿನಲ್ಲಿ.

ಐಚ್ಛಿಕ ವಿಷಯಗಳ ವಿರುದ್ಧ ನಾನು ಕೇಳಿದ ಅತ್ಯಂತ ಚೂಪಾದ ವಾದದಲ್ಲೂ ಕುದುರೆಯೇ ಇದೆ ಎಂಬುದು ಕಾಕತಾಳೀಯ. 1996ರಲ್ಲಿ ಶಿಕಾಗೊದಲ್ಲಿ ಸೈಬರ್ ಕಾನೂನಿನ ಬಗ್ಗೆ ನಡೆದ ಸಮಾವೇಶದಲ್ಲಿ ನ್ಯಾಯಾಧೀಶ ಫ್ರಾಂಕ್ ಈಸ್ಟರ್‌ಬ್ರೂಕ್ ಸೈಬರ್ ಕಾನೂನು ಎಂಬ ವಿಷಯವೇ ಬೇಡ ಎಂದರು. ಕುದುರೆ ಮಾರಾಟದ ವ್ಯಾಜ್ಯಗಳಿವೆ, ಕುದುರೆ ಒದ್ದದ್ದಕ್ಕೆ ಪರಿಹಾರ ಕೇಳಿದವರಿದ್ದಾರೆ, ಕುದುರೆ ಓಟದ ಪರವಾನಗಿಗಳಿವೆ, ಪಶುವೈದ್ಯರ ಮೇಲೆ ದಾವೆಗಳಿವೆ. ಇವನ್ನೆಲ್ಲ ಗುಡಿಸಿ ಒಟ್ಟುಮಾಡಿ ‘ಕುದುರೆಯ ಕಾನೂನು’ ಎಂದು ಪಾಠ ಮಾಡಿದರೆ ಅದು ತೆಳ್ಳಗಾಗುತ್ತದೆ, ಅವುಗಳನ್ನು ಜೋಡಿಸುವ ತತ್ವಗಳು ಕೈತಪ್ಪುತ್ತವೆ. ಒಪ್ಪಂದ, ಅಪಕೃತ್ಯ, ಸ್ವತ್ತು ಇವನ್ನು ಗಟ್ಟಿಯಾಗಿ ಕಲಿಯಿರಿ, ಕುದುರೆ ಬಂದಾಗ ಅನ್ವಯಿಸಿಕೊಳ್ಳಿ ಎಂಬುದು ಅವರ ಮಾತು. ಮೂರು ವರ್ಷದ ನಂತರ ಕಾನೂನು ಪ್ರಾಧ್ಯಾಪಕ ಲಾರೆನ್ಸ್ ಲೆಸ್ಸಿಗ್ ಉತ್ತರ ಕೊಟ್ಟರು: ಸೈಬರ್ ಲೋಕದಲ್ಲಿ ಮನುಷ್ಯನನ್ನು ಕಟ್ಟಿಹಾಕುವುದು ಕಾನೂನಿನಷ್ಟೇ ತಂತ್ರಾಂಶವೂ ಹೌದು, ಅದನ್ನು ಹತ್ತಿರದಿಂದ ನೋಡಿದರೆ ಕಾನೂನಿನ ಮಿತಿಗಳ ಬಗ್ಗೆ ಬೇರೆಲ್ಲೂ ಕಾಣದ ಸಂಗತಿ ಕಾಣುತ್ತದೆ ಎಂದು.

ನಾನು ಬಹಳ ಕಾಲ ಈಸ್ಟರ್‌ಬ್ರೂಕ್ ಪಕ್ಷದಲ್ಲಿದ್ದೆ. ಕಾರಣ, ಕೊನೆಯ ವರ್ಷದಲ್ಲಿ ನಾನಾಗಿಯೇ ಆಸೆಪಟ್ಟು, ಮೊದಲ ಆಯ್ಕೆಯಾಗಿ ಪಡೆದ ಇನ್ನೊಂದು ಐಚ್ಛಿಕ ವಿಷಯ. ಹೆಸರು ಹೇಳುವುದಿಲ್ಲ. ಆ ವರ್ಷ ಎಲ್ಲರ ಬಾಯಲ್ಲಿದ್ದ ಹೊಸ ಕಾಯಿದೆಯೊಂದರ ಮೇಲೆ ಆತುರಾತುರವಾಗಿ ಕಟ್ಟಿದ ಪಾಠ ಅದು. ಕಲಂ ಒಂದರಿಂದ ಕೊನೆಯ ಕಲಮಿನವರೆಗೆ ಓದಿದರು, ನಡುವೆ ಕಠಿಣ ಪದಗಳಿಗೆ ಅರ್ಥ ಹೇಳಿದರು, ಪರೀಕ್ಷೆಯಲ್ಲಿ ಕಲಂಗಳ ಸಂಖ್ಯೆ ಕೇಳಿದರು. ತರಗತಿ ತುಂಬಿ ತುಳುಕುತ್ತಿತ್ತು. ಎರಡು ತಿದ್ದುಪಡಿಗಳು ಬಂದ ಮೇಲೆ ನನ್ನ ಟಿಪ್ಪಣಿಗಳು ರದ್ದಿಗೂ ಲಾಯಕ್ಕಿಲ್ಲದಂತಾದವು. ಅಂಥ ಪಾಠಕ್ಕೆ ಈಸ್ಟರ್‌ಬ್ರೂಕ್ ಹೇಳಿದ್ದು ಅಕ್ಷರಶಃ ಸತ್ಯ. ಕುದುರೆ ಕಂಡರೆ ಕಾಲುನೋವು ಎನ್ನುವ ಹಾಗೆ, ಹೊಸ ವಿಷಯ ಕಣ್ಣಿಗೆ ಬಿದ್ದ ಕೂಡಲೇ ನಡೆಯಲಾರೆ ಎನ್ನುವ ಅಭ್ಯಾಸ ನಮ್ಮ ಕಾನೂನು ಕಾಲೇಜುಗಳಿಗೂ ಇದೆ.

ಆದರೆ ಕಡಲ ಕಾನೂನನ್ನು ಯಾವ ಲೆಕ್ಕಕ್ಕೆ ಸೇರಿಸಲಿ? ಅದೂ ಒಂದು ಕುದುರೆಯೇ. ವ್ಯತ್ಯಾಸ ಇಷ್ಟೇ ಅನಿಸುತ್ತದೆ: ಅಲ್ಲಿ ಪ್ರತಿ ಪಾಠವೂ ಕಡ್ಡಾಯ ವಿಷಯದಲ್ಲಿ ಕಲಿತ ಯಾವುದೋ ಒಂದು ನಿಯಮವನ್ನು ಎಳೆದು ತಂದು ನಿಲ್ಲಿಸಿ, ನೀನು ಇಲ್ಲಿ ನಿಲ್ಲುತ್ತೀಯಾ ಎಂದು ಕೇಳುತ್ತಿತ್ತು. ಬಾಹ್ಯಾಕಾಶ ಕಾನೂನು ಓದಿದ ಗೆಳೆಯನೊಬ್ಬ ಇದನ್ನೇ ಹೇಳುತ್ತಾನೆ. ಅವನನ್ನು ನಾವು ಬಹಳ ಗೇಲಿ ಮಾಡಿದ್ದೆವು, ಚಂದ್ರನ ಮೇಲೆ ವಕಾಲತ್ತು ಹಾಕುತ್ತೀಯಾ ಎಂದು. ಆದರೆ 1978ರಲ್ಲಿ ಸೋವಿಯತ್ ಒಕ್ಕೂಟದ ಪರಮಾಣು ಶಕ್ತಿಯ ಉಪಗ್ರಹ ಕಾಸ್ಮೋಸ್ 954 ಕೆನಡಾದ ಮೇಲೆ ಚೂರುಚೂರಾಗಿ ಬಿದ್ದಾಗ, ತಪ್ಪು ಯಾರದೆಂದು ಕೇಳದೆಯೇ ಹೊಣೆ ಹೊರಿಸುವ 1972ರ ಒಡಂಬಡಿಕೆ ಸಿದ್ಧವಾಗಿತ್ತು. ಕೆನಡಾ 60 ಲಕ್ಷ ಡಾಲರಿಗೂ ಹೆಚ್ಚು ಕೇಳಿತು, 1981ರಲ್ಲಿ 30 ಲಕ್ಷಕ್ಕೆ ಒಪ್ಪಂದವಾಯಿತು. ಅದೇ ಒಡಂಬಡಿಕೆಯ ಪ್ರಕಾರ ಬಾಹ್ಯಾಕಾಶದಲ್ಲೇ ಒಂದು ಉಪಗ್ರಹ ಇನ್ನೊಂದಕ್ಕೆ ಬಡಿದರೆ ಮಾತ್ರ ತಪ್ಪನ್ನು ಸಾಬೀತು ಮಾಡಬೇಕು. ನೆಲದ ಮೇಲಿದ್ದವನು ಆ ಅಪಾಯವನ್ನು ಕೇಳಿಕೊಂಡವನಲ್ಲ. ಮೇಲೆ ಹಾರಿದವರಿಬ್ಬರೂ ಗೊತ್ತಿದ್ದೇ ಹಾರಿದವರು. ಅಪಕೃತ್ಯ ಕಾನೂನಿನ ಕಟ್ಟುನಿಟ್ಟಿನ ಹೊಣೆಗಾರಿಕೆ ತನಗೆ ಅರ್ಥವಾದದ್ದು ಆಕಾಶ ನೋಡಿಯೇ ಎನ್ನುತ್ತಾನೆ ಅವನು. ಈಗ ಅವನು ಜಮೀನು ವ್ಯಾಜ್ಯಗಳನ್ನು ನಡೆಸುತ್ತಾನೆ.

ಎಷ್ಟು ಕಡ್ಡಾಯ, ಎಷ್ಟು ಐಚ್ಛಿಕ ಎಂಬುದಕ್ಕೆ ಒಂದೊಂದು ದೇಶದ್ದು ಒಂದೊಂದು ಲೆಕ್ಕ. ಅಮೆರಿಕದಲ್ಲಿ ಮೊದಲ ವರ್ಷ ಬಿಗಿ, ಆಮೇಲೆ ಬಹುಪಾಲು ವಿದ್ಯಾರ್ಥಿಯ ಇಷ್ಟ. ಇಂಗ್ಲೆಂಡಿನಲ್ಲಿ ದೀರ್ಘಕಾಲ ಏಳು ಅಡಿಪಾಯದ ವಿಷಯಗಳನ್ನು ಮುಗಿಸಿದರೆ ಸಾಕಿತ್ತು. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳು 20 ಕಡ್ಡಾಯ ಪತ್ರಿಕೆಗಳು, ನಾಲ್ಕು ಪ್ರಾಯೋಗಿಕ ಪತ್ರಿಕೆಗಳು, ಕನಿಷ್ಠ ಆರು ಐಚ್ಛಿಕ ಪತ್ರಿಕೆಗಳು ಎನ್ನುತ್ತವೆ. ಐಚ್ಛಿಕಗಳ ಗುಂಪುಗಳಲ್ಲಿ ಕೃಷಿ ಮತ್ತು ಕಾನೂನು ಎಂಬುದೂ ಒಂದು. ಅದನ್ನು ಓದಿದವರೊಬ್ಬರನ್ನೂ ನಾನು ಇದುವರೆಗೆ ಭೇಟಿಯಾಗಿಲ್ಲ. ನಿಯಮ ಪುಸ್ತಕದಲ್ಲಿ ಇರುವುದು ಬೇರೆ, ಕಾಲೇಜಿನ ಫಲಕದ ಮೇಲೆ ಬರುವುದು ಬೇರೆ. ಕಲಿಸುವವರು ಒಬ್ಬರು ಇದ್ದರೆ ಒಂದು ವಿಷಯ ಇರುತ್ತದೆ, ಅವರು ನಿವೃತ್ತರಾದರೆ ವಿಷಯವೂ ನಿವೃತ್ತವಾಗುತ್ತದೆ. ಬಹಳ ಕಡೆ ಆಯ್ಕೆ ಎಂದರೆ ಎರಡರಲ್ಲಿ ಒಂದು. ಕೆಲವು ಕಡೆ ಒಂದರಲ್ಲಿ ಒಂದು.

ವಕೀಲನಾಗಿ ನಾನು ಇದುವರೆಗೆ ಹಡಗಿನ ಒಂದು ಪ್ರಕರಣವನ್ನೂ ನಡೆಸಿಲ್ಲ. ಆ ಪಾಠದಿಂದ ಏನು ಪ್ರಯೋಜನವಾಯಿತು ಎಂದು ಕೇಳುವವರಿಗೆ ಹೇಳಲು ನನ್ನ ಬಳಿ ಒಂದೇ ಒಂದು ಘಟನೆ ಇದೆ, ಅದರಲ್ಲಿ ನಾನು ಸೋತಿದ್ದೇನೆ. ಮೂವರು ವ್ಯಾಪಾರಿಗಳು ಒಂದೇ ಗೋದಾಮನ್ನು ಹಂಚಿಕೊಂಡಿದ್ದರು. ಪ್ರವಾಹದ ರಾತ್ರಿ ಕಾವಲುಗಾರ ಬಾಗಿಲ ಬಳಿ ನನ್ನ ಕಕ್ಷಿದಾರನ ಮೂಟೆಗಳನ್ನು ಅಡ್ಡಗಟ್ಟೆಯಂತೆ ಪೇರಿಸಿ ನೀರನ್ನು ತಡೆದ. ಒಳಗಿದ್ದ ಇಬ್ಬರ ಸರಕು ಒಣಗಿದಂತೆಯೇ ಉಳಿಯಿತು. ನನ್ನವನ ಮೂಟೆಗಳೆಲ್ಲ ಹೋದವು. ಕಾವಲುಗಾರನ ಬಳಿ ಕೊಡಲು ಏನೂ ಇರಲಿಲ್ಲ, ಉಳಿದಿಬ್ಬರು ನಾವು ಹೇಳಿ ಮಾಡಿಸಿದ್ದಲ್ಲ ಎಂದರು. ನಾನು ಹುಮ್ಮಸ್ಸಿನಲ್ಲಿ ರೋಡ್ಸ್, ಡೈಜೆಸ್ಟ್, ಯಾರ್ಕ್-ಆಂಟ್‌ವರ್ಪ್ ಎಲ್ಲವನ್ನೂ ಲಿಖಿತ ವಾದಕ್ಕೆ ತುಂಬಿದೆ. ನ್ಯಾಯಾಧೀಶರು ತಾಳ್ಮೆಯಿಂದ ಓದಿ ತಲೆಯೆತ್ತಿ, ‘ಚೆನ್ನಾಗಿದೆ ವಕೀಲರೇ, ಆದರೆ ಇದು ಸಮುದ್ರವಲ್ಲ’ ಎಂದರು. ಎದುರು ವಕೀಲರು ನಕ್ಕದ್ದು ಇನ್ನೂ ಕಿವಿಯಲ್ಲಿದೆ. ಪ್ರಕರಣವನ್ನು ಸಂಧಾನಕ್ಕೆ ಕಳಿಸಿದರು. ಅಲ್ಲಿ ಕಾನೂನು ಹೇಳುವುದನ್ನು ಬಿಟ್ಟು ನಾನು ಮೂವರಿಗೂ ಬಿರುಗಾಳಿಯ ಕಥೆ ಹೇಳಿದೆ. ಸರಕಿನ ಬೆಲೆಗೆ ತಕ್ಕಂತೆ ಪಾಲು ಹಾಕಿ ಮುಗಿಸಿಕೊಂಡರು. ಎದುರು ಪಕ್ಷದ ವ್ಯಾಪಾರಿಯೇ ಕಾಗದದ ಮೇಲೆ ಲೆಕ್ಕ ಹಾಕಿದ್ದು.

ನಮ್ಮ ಕಚೇರಿಗೆ ತರಬೇತಿಗೆ ಬರುವ ವಿದ್ಯಾರ್ಥಿನಿಯೊಬ್ಬಳು ಈಚೆಗೆ ತನ್ನ ಅರ್ಜಿ ತಂದು ಮೇಜಿನ ಮೇಲಿಟ್ಟಳು. ವಿಮಾ ಕಾನೂನು ಅಥವಾ ಕೃತಕ ಬುದ್ಧಿಮತ್ತೆ ಮತ್ತು ಕಾನೂನು. ಇಷ್ಟೂ ಹೊತ್ತು ಇಲ್ಲಿ ಬರೆದದ್ದನ್ನೆಲ್ಲ ಅವಳಿಗೆ ಹೇಳಿದೆ, ಇನ್ನೂ ಉದ್ದವಾಗಿ. ಯಾವ ಪಾಠದಲ್ಲಿ ತೀರ್ಪುಗಳನ್ನು ಪೂರ್ತಿಯಾಗಿ ಓದಿಸುತ್ತಾರೆ, ಯಾವುದರಲ್ಲಿ ಬರಿ ಕಲಂಗಳನ್ನು ಒಪ್ಪಿಸುತ್ತಾರೆ ಎಂದು ಹಿಂದಿನ ತಂಡದವರನ್ನು ಕೇಳು ಎಂದೆ. ಹೆಸರಿನ ಹೊಳಪಿಗೆ ಮರುಳಾಗಬೇಡ ಎಂದೂ ಹೇಳಿದೆ, ಸ್ವಲ್ಪ ಗತ್ತಿನಿಂದಲೇ. ಅವಳು ಎಲ್ಲವನ್ನೂ ಕೇಳಿಸಿಕೊಂಡು ಹೋಗಿ ಕೃತಕ ಬುದ್ಧಿಮತ್ತೆಯನ್ನೇ ಬರೆದಳು. ನನಗೆ ಕೊಂಚ ಬೇಸರವಾಯಿತು ಎನ್ನುವುದನ್ನು ಮುಚ್ಚಿಡುವುದಿಲ್ಲ.

ಮೂರು ವಾರ ಕಳೆದು ಒಂದು ಸಂಜೆ ಕಡತಗಳನ್ನು ಕಟ್ಟುತ್ತಾ ಅವಳು ತರಗತಿಯ ಒಂದು ಪ್ರಶ್ನೆ ಹೇಳಿದಳು. ಚಾಲಕನಿಲ್ಲದ ವಾಹನ. ತಯಾರಿಸಿದ್ದು ಒಂದು ದೇಶದಲ್ಲಿ, ತಂತ್ರಾಂಶ ಬರೆದದ್ದು ಇನ್ನೊಂದರಲ್ಲಿ, ಒಡೆತನ ಯಾವುದೋ ಕಾಗದದ ಕಂಪನಿಯದು, ಬಾಡಿಗೆಗೆ ಓಡಿಸುತ್ತಿರುವುದು ಮತ್ತೊಬ್ಬರು. ಅದು ಒಬ್ಬರಿಗೆ ಗುದ್ದಿದೆ. ದಾವೆ ಯಾರ ಮೇಲೆ? ತರಗತಿಯಲ್ಲಿ ಒಬ್ಬರಿಗೂ ಉತ್ತರ ಹೊಳೆಯಲಿಲ್ಲವಂತೆ. ಜಗತ್ತಿನಲ್ಲಿ ಇದುವರೆಗೆ ಯಾರೂ ಎದುರಿಸದ ಪ್ರಶ್ನೆ ಇದು ಎಂದು ಅವರ ಅಧ್ಯಾಪಕರು ಹೇಳಿದರಂತೆ. ‘ವಾಹನದ ಮೇಲೆಯೇ ದಾವೆ ಹೂಡುವುದು ತೀರ ಹುಚ್ಚುತನವೇ ಸರ್?’ ಎಂದು ಕೇಳಿದಳು.

ನಾನು ಎದ್ದು ಕಪಾಟಿನ ಮೇಲಿನ ಅಂಕಣದಿಂದ ಹಳೆಯ ಪಠ್ಯಪುಸ್ತಕವನ್ನು ಇಳಿಸಿದೆ. ಬೆನ್ನು ಕಿತ್ತುಹೋಗಿತ್ತು. ಮೊದಲ ಅಧ್ಯಾಯದಲ್ಲೇ, ಅಂಚಿನಲ್ಲಿ, ನನ್ನ ಅಂದಿನ ಸಿಟ್ಟಿನ ಅಕ್ಷರದಲ್ಲಿ ಬಗ್ಗಿಸಿ ಬರೆದ ಟೋಪಿಯಾಕಾರದ ಒಂದು ಹಡಗು, ಅದರ ಪಕ್ಕದಲ್ಲಿ ಒಂದು ಬಾಣ, ಬಾಣದ ತುದಿಗೆ ಎರಡು ಪದಗಳು: ಸಮನ್ಸ್ ಇಲ್ಲಿ.